ಕ್ಲಚ್ ಇಲ್ಲದ ಕಾರು

ನನಗೆ ಸಂಶಯ ಜಾಸ್ತಿ ಎಂದು ನಮ್ಮ ಮನೆಯವರು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದಾರೆ. ನಾನು ಅಲ್ಲವೆನ್ನುವುದಿಲ್ಲ. ನಾನು ಹುಟ್ಟಿದ್ದು ರಾಮದುರ್ಗದ ನೇಕಾರರ ಮನೆಯಲ್ಲಿ. ನಮ್ಮಲ್ಲಿ ಸೀರೆ ಕೈಗೆ ಬಂದರೆ ಮೊದಲು ತಿರುವಿ ಹಾಕಿ ಹಿಂಬದಿ ನೋಡುತ್ತಾರೆ. ಮುಂದಿನ ಹೂವು ಬಳ್ಳಿಯೆಲ್ಲ ಕೊಳ್ಳುವವರಿಗೆ; ನೇಯ್ದವನ ಬಂಡವಾಳ ಗೊತ್ತಾಗುವುದು ಹಿಂದೆ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ಪಡಸಾಲೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಓಣಿಯ ಹೆಣ್ಣುಮಕ್ಕಳ ಜಂಪರು ಹೊಲಿಯುತ್ತ ಕುಳಿತೆ. ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುವವರನ್ನು ದಿನಾ ನೋಡಿ ನೋಡಿ, ಜನ ಹೇಳಿದ್ದನ್ನು ಹೇಳಿದ ಹಾಗೆಯೇ ನಂಬುವುದು ನನಗೆ ಮರೆತೇಹೋಯಿತು. ಇಂಥ ನನ್ನನ್ನು ಜೊತೆಗೆ ಕರೆದುಕೊಂಡು ಅವರು ಕಾರು ಕೊಳ್ಳಲು ಹೊರಟರು.

ಅವರು ಡ್ರೈವರು. ಮೀಸೆ ಕಪ್ಪಗಿದ್ದಾಗ ಹಿಡಿದ ಸ್ಟೇರಿಂಗನ್ನು ಮೀಸೆ ಬೆಳ್ಳಗಾದರೂ ಬಿಟ್ಟಿಲ್ಲ, ಆದರೆ ಓಡಿಸಿದ್ದೆಲ್ಲ ಇನ್ನೊಬ್ಬರ ಗಾಡಿ. ನಮ್ಮೂರಿನ ಮಾಲೀಕರೊಬ್ಬರ ಬಾಡಿಗೆ ಗಾಡಿಗಳಲ್ಲಿ ಸವದತ್ತಿಯ ಗುಡ್ಡಕ್ಕೆ ಭಕ್ತರನ್ನು, ಬೆಳಗಾವಿಯ ದವಾಖಾನೆಗಳಿಗೆ ರೋಗಿಗಳನ್ನು, ವಿಮಾನ ಹಿಡಿಯುವವರನ್ನು ಸಾಂಬ್ರಾಕ್ಕೆ ಮುಟ್ಟಿಸಿ ಬರುವುದೇ ಅವರ ಬದುಕಾಗಿತ್ತು. ಆ ಮಾಲೀಕರು ವಯಸ್ಸಾಯಿತೆಂದು ಗಾಡಿಗಳನ್ನು ಒಂದೊಂದಾಗಿ ಮಾರತೊಡಗಿದಾಗ ನಮ್ಮ ಮನೆಯಲ್ಲಿ ಚಿಂತೆ ಹುಟ್ಟಿತು. ತಲೆ ಬೆಳ್ಳಗಾದ ಡ್ರೈವರನನ್ನು ಹೊಸದಾಗಿ ಯಾರೂ ಕೆಲಸಕ್ಕಿಟ್ಟುಕೊಳ್ಳುವುದಿಲ್ಲ. ಸ್ವಂತದ್ದೊಂದು ಗಾಡಿ ಇದ್ದರೆ ಇವರು ಡ್ರೈವರಾಗಿ ಉಳಿಯುತ್ತಾರೆ, ಇಲ್ಲದಿದ್ದರೆ ಕಟ್ಟೆಯ ಮೇಲೆ ಕೂತು ಹೋಗುವ ಬರುವ ಗಾಡಿ ನೋಡುವ ಮುದುಕರಾಗುತ್ತಾರೆ. ಇದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಒಂದ ಗಾಡಿ ಇರಲಿ, ನಂದು ಅಂತ" ಎಂದರು ಒಂದು ದಿನ ಊಟಕ್ಕೆ ಕುಳಿತಾಗ.

ಇಷ್ಟು ವರ್ಷದ ಸಂಸಾರದಲ್ಲಿ ಅವರು ತಮಗಾಗಿ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಕೊಳ್ಳೋಣ ಎಂದೆ. ಆದರೆ ನೋಡಿ, ಪರೀಕ್ಷೆ ಮಾಡಿ ಕೊಳ್ಳೋಣ ಎಂದೂ ಸೇರಿಸಿದೆ. ಒಂದು ಸಲ ಮೋಸ ಹೋದರೆ ಇನ್ನೊಂದು ಗಾಡಿ ಕೊಳ್ಳುವ ತಾಕತ್ತು ನಮಗಿರಲಿಲ್ಲ.

ಹೈಬ್ರಿಡ್ ಗಾಡಿಯನ್ನೇ ಕೊಳ್ಳಬೇಕೆಂದು ಅವರ ತಲೆಯಲ್ಲಿ ಕೂತಿತ್ತು. ವಿಮಾನ ನಿಲ್ದಾಣಕ್ಕೆ ಬರುವ ದೊಡ್ಡ ದೊಡ್ಡ ಗಾಡಿಗಳ ಡ್ರೈವರುಗಳು ಹೇಳಿದ್ದಂತೆ: ಪೆಟ್ರೋಲೂ ಇರುತ್ತದೆ, ಬ್ಯಾಟರಿಯೂ ಇರುತ್ತದೆ, ಬಾಡಿಗೆಗೆ ಬಹಳ ಗಿಟ್ಟುತ್ತದೆ. ನನಗೆ ಹೈಬ್ರಿಡ್ ಎಂದರೆ ಗೊತ್ತಿದ್ದದ್ದು ಹೊಲದಲ್ಲಿ ಬಿತ್ತುವ ಜೋಳ, ಹತ್ತಿ. ಹೈಬ್ರಿಡ್ ಜೋಳದ ರೊಟ್ಟಿಗೆ ರುಚಿಯಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಹಾಗಾಗಿ ಹೆಸರು ಕೇಳಿದಾಗಲೇ ನಾನು ಮೂಗು ಮುರಿದಿದ್ದೆ. ಎರಡು ಶೋರೂಮುಗಳಿಗೆ ಫೋನು ಮಾಡಿದರು. ನಮ್ಮ ಊರುಗಳಿಗೆ ಶೋರೂಮಿನವರೇ ಗಾಡಿ ತಂದು ಮನೆ ಮುಂದೆ ನಿಲ್ಲಿಸಿ ಓಡಿಸಿ ನೋಡಿ ಎನ್ನುತ್ತಾರೆ. ಇಷ್ಟು ಮರ್ಯಾದೆ ಯಾಕೆ ಕೊಡುತ್ತಾರೆಂದು ಆಗಲೇ ನನಗೆ ಒಂದು ಅನುಮಾನ.

ಮೊದಲು ಬಂದದ್ದು ಬೆಳಗಾವಿಯಿಂದ, ಗೇರ್ ಇರುವ ಗಾಡಿ. ಅದನ್ನು ತಂದವನು ಇಸ್ತ್ರಿ ಅಂಗಿಯ, ಮಾತಿಗೆ ಮೊದಲೇ ನಗುವ ಮನುಷ್ಯ. ಇದರಲ್ಲಿ ಸಣ್ಣ ಬ್ಯಾಟರಿ, ಅದು ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೆ. ಗಾಡಿ ನಿಂತಾಗ ಎಂಜಿನ್ ತಾನೇ ಬಂದ್ ಆಗುತ್ತದೆ, ಕ್ಲಚ್ ಒತ್ತಿದರೆ ತಾನೇ ಶುರುವಾಗುತ್ತದೆ, ಪೆಟ್ರೋಲು ಉಳಿಯುತ್ತದೆ ಎಂದ. ಎರಡನೆಯದು ಧಾರವಾಡದಿಂದ ಬರಬೇಕಿತ್ತು. ಅದರಲ್ಲಿ ದೊಡ್ಡ ಬ್ಯಾಟರಿ, ಗೇರಿಲ್ಲ, ಕ್ಲಚ್ಚೂ ಇಲ್ಲ. ಮೊದಲನೆಯದೇ ಆಗುತ್ತದೆಂದು ನಾನು ಒಳಗೊಳಗೇ ನಿಶ್ಚಯ ಮಾಡಿಕೊಂಡಿದ್ದೆ. ಯಾಕೆಂದರೆ ಗೇರಿಲ್ಲದ ಗಾಡಿಯನ್ನು ನಮ್ಮ ಮನೆಯವರು ಆಡಿಕೊಂಡಷ್ಟು ಬೇರೆ ಯಾರೂ ಆಡಿಕೊಂಡಿರಲಿಲ್ಲ. ಅದನ್ನು ಓಡಿಸುವವನಿಗೆ ಡ್ರೈವರ್ ಅನ್ನಬಾರದು, ಲಿಫ್ಟಿನಲ್ಲಿ ನಿಂತವನು ಅನ್ನಬೇಕು ಎನ್ನುತ್ತಿದ್ದರು.

ನಮ್ಮ ಕಡೆಯ ಹಳೆಯ ಡ್ರೈವರುಗಳು ಗಾಡಿ ಹತ್ತುವ ಮೊದಲು ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಸರಿಸುತ್ತಾರೆ. ಅನ್ನ ಕೊಡುವ ಗಾಡಿ ಎಂಬ ಭಕ್ತಿ ಒಂದು. ಬರಿಗಾಲಿಗೆ ಗಾಡಿಯ ನಾಡಿ ಸಿಗುತ್ತದೆ ಎಂಬುದು ಇನ್ನೊಂದು. ನಮ್ಮ ಮನೆಯವರೂ ಚಪ್ಪಲಿ ಬಿಚ್ಚಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಕುಳಿತರು. ಇಸ್ತ್ರಿ ಅಂಗಿಯವನು ಅವರ ಪಕ್ಕ, ನಾನು ಹಿಂದೆ. ಸವದತ್ತಿ ಗುಡ್ಡದ ಏರು ಹತ್ತಿಸಿ ನೋಡಬೇಕು ಎಂದು ನಾನು ಪಟ್ಟು ಹಿಡಿದಿದ್ದೆ. ಆತ ಅಷ್ಟು ದೂರವೇ ಎಂದು ಮುಖ ಸಣ್ಣದು ಮಾಡಿದ. ದೂರ ಹೋಗಲು ಅಂಜುವ ಗಾಡಿಯನ್ನು ನಮಗೆ ಯಾಕೆ ತೋರಿಸಲು ತಂದೆ ಎಂದು ಕೇಳಿದ ಮೇಲೆ ಸುಮ್ಮನಾದ.

ಊರು ದಾಟುವವರೆಗೆ ಎಲ್ಲ ಸರಿಯಿತ್ತು ಅನ್ನಲೂ ನನಗೆ ಧೈರ್ಯವಿಲ್ಲ. ಗೇರ್ ಬದಲಿಸುವಾಗೆಲ್ಲ ಗಾಡಿ ಸಣ್ಣಗೆ ಕುಲುಕುತ್ತಿತ್ತು. ನಾನು ಅವರ ಗಾಡಿಯಲ್ಲಿ ಕೂತು ಬಹಳ ದಿನವಾಗಿತ್ತು, ಆದರೂ ಅವರ ಕೈಯಲ್ಲಿ ಗಾಡಿ ಹೇಗೆ ಹೋಗುತ್ತದೆಂದು ನನಗೆ ಗೊತ್ತು. ಮಡಿಲಲ್ಲಿ ಇಟ್ಟುಕೊಂಡ ಹಾಲಿನ ಪಾತ್ರೆ ತುಳುಕುತ್ತಿರಲಿಲ್ಲ. ಹಾಗಾದರೆ ಗಾಡಿಯದೇ ದೋಷ ಎಂದುಕೊಂಡೆ. ಮುರಗೋಡ ಹತ್ತಿರ ರಸ್ತೆಗೆ ಅಡ್ಡ ಕುರಿಹಿಂಡು ಬಂತು. ಗಾಡಿ ನಿಲ್ಲಿಸಿದರು. ಎಂಜಿನ್ ತಾನೇ ಬಂದ್ ಆಯಿತು. ಕುರಿ ದಾಟಿದವು. ಗಾಡಿ ಅಲ್ಲಾಡಲಿಲ್ಲ.

"ಕ್ಲಚ್ ಒತ್ರಿ ಅಣ್ಣಾರ, ತಾನೇ ಚಾಲೂ ಆಗತೈತಿ" ಎಂದ ಇಸ್ತ್ರಿ ಅಂಗಿಯವನು.

"ಒತ್ತೀನಲ್ಲೋ" ಎಂದರು ಇವರು.

"ಪೂರಾ ಒತ್ರಿ."

"ಪೂರಾನೇ ಒತ್ತೀನಿ."

ಹಿಂದೆ ಬಸ್ಸಿನವನು ಹಾರ್ನ್ ಹೊಡೆಯತೊಡಗಿದ. ಆಗ ಅವರು ಒಂದು ಕೆಲಸ ಮಾಡಿದರು, ಅದು ನನ್ನ ಕಣ್ಣಿಗೆ ಬಿತ್ತು. ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಮಷೀನಿನ ಮುಂದೆ ಹೊಸದಾಗಿ ಕುಳಿತ ಹುಡುಗಿಯರು ಪೆಡಲ್ ಎಲ್ಲಿದೆಯೆಂದು ಬಗ್ಗಿ ನೋಡುವ ಹಾಗೆ. ಆಮೇಲೆ ಎಂಜಿನ್ ಶುರುವಾಯಿತು, ಗಾಡಿ ಮುಂದಕ್ಕೆ ಜಿಗಿದು ಮತ್ತೆ ಬಂದ್ ಆಯಿತು. ಬಸ್ಸಿನವನು ಪಕ್ಕದಿಂದ ಹಾದು ಹೋಗುವಾಗ, ಗಾಡಿ ಕಲೀಲಿಕ್ಕೆ ಹೊರಟೀರೇನ್ರಿ ಅಜ್ಜಾರ ಎಂದು ಕೇಳಿ ಹೋದ. ಇವರ ಕಿವಿ ಕೆಂಪಾದವು.

ಗಾಡಿಯನ್ನು ಬದಿಗೆ ಸರಿಸಿ ಕೆಳಗಿಳಿದುಬಿಟ್ಟರು. "ಈ ಗಾಡಿ ಬ್ಯಾಡ. ಕ್ಲಚ್ ಸರಿ ಇಲ್ಲ. ನೀನೇ ಓಡಿಸ್ಕೊಂಡ ನಡಿ" ಎಂದು ಕೀಲಿ ಅವನ ಕೈಗಿಟ್ಟು ಹಿಂದೆ ನನ್ನ ಪಕ್ಕ ಬಂದು ಕುಳಿತರು. ಸವದತ್ತಿ ಗುಡ್ಡ ಅಲ್ಲಿಗೇ ಉಳಿಯಿತು. ನಮ್ಮ ಮನೆಯವರು ತಾವಾಗಿ ಡ್ರೈವರ್ ಸೀಟು ಬಿಟ್ಟುಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇಸ್ತ್ರಿ ಅಂಗಿಯವನು ಒಂದೇ ಸಲ ಕ್ಲಚ್ ಒತ್ತಿದ, ಎಂಜಿನ್ ಕೇಳಿದ ಹಾಗೆ ಶುರುವಾಯಿತು. ಊರು ಮುಟ್ಟುವವರೆಗೆ ಎಲ್ಲೂ ಕುಲುಕಲಿಲ್ಲ. ನಾನು ಬಿಡುವವಳೇ? ಮನೆ ಮುಂದೆ ನಿಲ್ಲಿಸಿದಾಗ, ಇವರು ಒಳಗೆ ನೀರು ಕುಡಿಯಲು ಹೋದ ಸಂದು ನೋಡಿ, ನಾನೇ ಡ್ರೈವರ್ ಸೀಟಿನಲ್ಲಿ ಕುಳಿತು ಆ ಕ್ಲಚ್ಚನ್ನು ಒತ್ತಿ ನೋಡಿದೆ. ಗಾಡಿ ಓಡಿಸಲು ಬರದಿದ್ದರೇನು, ಪೆಡಲ್ ತುಳಿದೇ ಬದುಕಿದವಳು ನಾನು. ಕಾಲಿಟ್ಟ ಕೂಡಲೇ ಮೆತ್ತಗೆ ಇಳಿಯಿತು, ಎಂಜಿನ್ ಗುರ್ ಎಂದಿತು.

"ನೋಡ್ರಿ ಅಕ್ಕಾರ, ನಿಮಗೂ ಚಾಲೂ ಆತು" ಎಂದ ಆತ ಅಳುಮೋರೆಯಿಂದ. "ಅಣ್ಣಾರಿಗೆ ಮನಸ್ಸಿಲ್ಲಂದ್ರ ಮನಸ್ಸಿಲ್ಲ ಅನ್ನಬೇಕ್ರಿ. ಗಾಡಿ ಮ್ಯಾಲ ಯಾಕ ಹಾಕ್ತಾರ?"

ಅವನು ಹೋದ ಮೇಲೆ ಆ ಮಾತು ನನ್ನ ತಲೆಯಲ್ಲಿ ಹುಳದ ಹಾಗೆ ಕೊರೆಯಿತು. ಗಾಡಿ ನೆಟ್ಟಗಿದೆ. ಇವರು ಸುಳ್ಳು ಹೇಳಿದರು. ಯಾಕೆ ಹೇಳಿದರು? ಗೇರಿನ ಗಾಡಿ ಬೇಡವಾಗುವಂಥದ್ದು ಏನಾಯಿತು ಇವರಿಗೆ? ಅದನ್ನೇ ಕೇಳಿದರೆ, "ಈಗಿನ ಟ್ರಾಫಿಕ್ಕಿನಾಗ ಯಾರ ಗೇರ್ ಹಾಕ್ಕೊಂತ ಕುಂಡ್ರತಾರ? ಕಾಲ ಬದಲಾಗೇತಿ" ಎಂದರು. ಬೈಲಹೊಂಗಲದಲ್ಲಿ ಎಲ್ಲಿಯ ಟ್ರಾಫಿಕ್ಕು? ಸಂತೆಯ ದಿನ ಎತ್ತಿನ ಗಾಡಿ, ಟ್ರ್ಯಾಕ್ಟರು ಅಡ್ಡ ನಿಂತರೆ ಅದೇ ಟ್ರಾಫಿಕ್ಕು. ನಾನು ಮತ್ತೇನೂ ಕೇಳಲಿಲ್ಲ. ಕೇಳಿದರೆ ಇವರು ಹುಷಾರಾಗುತ್ತಾರೆ, ಸುಮ್ಮನಿದ್ದರೆ ತಾವೇ ಸಿಕ್ಕಿಬೀಳುತ್ತಾರೆ.

ಸಿಕ್ಕಿಬಿದ್ದರು ಎಂದೇ ನಾನು ತಿಳಿದೆ. ಅವರ ತಮ್ಮ, ನನ್ನ ಮೈದುನ, ಕಿತ್ತೂರಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯವನೇ, ಆದರೆ ಗಾಡಿಗೂ ಅವನಿಗೂ ಆಗಿಬರುವುದಿಲ್ಲ. ಗೇರಿನ ಬೈಕು ಎಂದೂ ಕಲಿಯಲಿಲ್ಲ, ಗೇರಿಲ್ಲದ ಸ್ಕೂಟರನ್ನೂ ಗೋಡೆಗೆ ತಿಕ್ಕಿಯೇ ನಿಲ್ಲಿಸುತ್ತಾನೆ. ಇತ್ತೀಚೆಗೆ ಅಣ್ಣತಮ್ಮಂದಿರ ಫೋನು ಬಹಳ ಹೆಚ್ಚಾಗಿತ್ತು. ಫೋನು ಬಂದರೆ ಇವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ನಾನು ಹತ್ತಿರ ಹೋದರೆ, "ಆತ ಆತ, ಆಮ್ಯಾಲ ಮಾತಾಡ್ತೀನಿ" ಎಂದು ಮುಗಿಸುತ್ತಿದ್ದರು. ಈಗ ಎಲ್ಲ ಜೋಡಿಸಿ ಹೊಲಿದು ನೋಡಿದೆ, ಅಳತೆ ಸರಿಯಾಗಿ ಕೂತಿತು. ಗೇರಿಲ್ಲದ ಗಾಡಿ ತಮ್ಮನಿಗಾಗಿ! ತಮ್ಮ ಓಡಿಸಲೆಂದು ಅಣ್ಣ ಹುಟ್ಟಿದಾಗಿನ ರುಚಿ ಬದಲಿಸಿಕೊಂಡಿದ್ದಾನೆ. ಅರ್ಧ ದಿನ ಗಾಡಿ ಕಿತ್ತೂರಿನಲ್ಲಿರುತ್ತದೆ, ಒಂದು ದಿನ ಗೋಡೆಗೆ ಮುತ್ತು ಕೊಡುತ್ತದೆ, ಅಲ್ಲಿಗೆ ನಮ್ಮ ಕಥೆ ಮುಗಿಯಿತು.

ಎರಡನೆಯ ಗಾಡಿಯನ್ನು ಧಾರವಾಡದಿಂದ ತಂದವಳು ಒಬ್ಬ ಹುಡುಗಿ. ತಾನೇ ಓಡಿಸಿಕೊಂಡು ಬಂದಿದ್ದಳು. ಗಾಡಿ ಬಾಗಿಲಿಗೆ ಬಂದು ನಿಂತದ್ದೂ ನನಗೆ ಕೇಳಿಸಲಿಲ್ಲ, ಅಷ್ಟು ಸದ್ದಿಲ್ಲ. ಸದ್ದಿಲ್ಲದೆ ಬರುವ ಯಾವುದನ್ನೂ ನಾನು ನಂಬುವುದಿಲ್ಲ. ಹೊರಗೆ ಹೋಗಿ ಒಂದು ಸುತ್ತು ಹಾಕಿದೆ. ಚಾರ್ಜ್ ಮಾಡುವ ವೈರು ಎಲ್ಲಿ ಎಂದು ಕೇಳಿದೆ.

"ವೈರ್ ಇಲ್ರಿ ಅಕ್ಕಾರ. ಬ್ರೇಕ್ ಹಾಕಿದಾಗ, ಇಳಿಜಾರಿನಾಗ ಗಾಡಿ ಹೋಗುವಾಗ ತಾನೇ ಚಾರ್ಜ್ ಆಗತೈತಿ. ಎಂಜಿನ್ನೂ ಚಾರ್ಜ್ ಮಾಡತೈತಿ."

"ಬ್ರೇಕ್ ಹಾಕಿದ್ರ ಕರೆಂಟ್ ಹುಟ್ಟತೈತಿ?"

"ಹುಟ್ಟತೈತ್ರಿ."

"ಹಂಗಾದ್ರ ನಮ್ಮ ಓಣ್ಯಾಗ ಲೈಟ್ ಯಾಕ ಹೋಗತಾವ ತಂಗಿ? ಬಸ್ ಸ್ಟ್ಯಾಂಡಿನಾಗ ದಿನಾ ಎಷ್ಟ ಬಸ್ಸು ಬ್ರೇಕ್ ಹಾಕ್ತಾವ, ಅದನ್ನೆಲ್ಲ ಎಲ್ಲಿ ಒಯ್ತಾರ?"

ಹುಡುಗಿ ನಕ್ಕಳು, ಆದರೆ ಬಿಡಲಿಲ್ಲ. ಮುಂದಿನ ಸೀಟಿನಲ್ಲಿ ಕೂಡಿಸಿ, ಪರದೆಯ ಮೇಲೆ ಬಾಣದ ಗುರುತು ಓಡುವುದನ್ನು ತೋರಿಸಿದಳು. ಈಗ ಬ್ಯಾಟರಿಯಿಂದ ಚಕ್ರಕ್ಕೆ, ಈಗ ಎಂಜಿನ್ನಿನಿಂದ, ಈಗ ಚಕ್ರದಿಂದ ತಿರುಗಿ ಬ್ಯಾಟರಿಗೆ. ಚಿತ್ರ ಯಾರು ಬೇಕಾದರೂ ಬರೆಯಬಹುದು ಎಂದೆ. ಬ್ಯಾಟರಿ ಎಲ್ಲಿದೆ ಎಂದು ಕೇಳಿದರೆ ಹಿಂದೆ, ಸೀಟಿನ ಕೆಳಗೆ ಎಂದಳು. ಮಲಪ್ರಭೆ ಮೇಲೆ ಬಂದು ಮನೋಳಿ, ರಾಮದುರ್ಗದ ಕಡೆ ರಸ್ತೆಗೆ ನೀರು ನುಗ್ಗಿದರೆ ಹಿಂದೆ ಕೂತವರ ಗತಿಯೇನು ಎಂದು ಕೇಳಿದೆ. ನೀರಿನಲ್ಲಿ ಗಾಡಿ ಇಳಿಸಲೇಬಾರದು, ಅದು ಯಾವ ಗಾಡಿಯಾದರೂ ಸರಿ ಎಂದಳು. ಇದೊಂದು ಉತ್ತರ ಮಾತ್ರ ನನಗೆ ಮೆಚ್ಚಿಗೆಯಾಯಿತು.

ನಮ್ಮ ಮನೆಯವರು ಏನನ್ನೂ ಕೇಳಲಿಲ್ಲ. ಎಂಜಿನ್ನಿನ ಮುಚ್ಚಳ ಎತ್ತಿ ನೋಡಲಿಲ್ಲ, ಟೈರಿಗೆ ಕೈ ಹಚ್ಚಲಿಲ್ಲ. ಹಳೆಯ ಗಾಡಿ ಕೊಳ್ಳುವವರ ಜೊತೆ ಹೋದಾಗ ಗಾಡಿಯ ಕೆಳಗೆ ಮಲಗಿ ನೋಡಿ ಬರುತ್ತಿದ್ದ ಮನುಷ್ಯ ಇವರು. ಈಗ ಚಪ್ಪಲಿ ಬಿಚ್ಚಿ, ಸೀಟಿನಲ್ಲಿ ಕುಳಿತು, "ಕಿತ್ತೂರ ಕಡೆ ಹೋಗೂಣು" ಎಂದುಬಿಟ್ಟರು. ನಾನು ಹಲ್ಲು ಕಚ್ಚಿ ಹಿಂದೆ ಕುಳಿತೆ. ತಮ್ಮನಿಗೆ ತೋರಿಸುವ ಅವಸರ ಎಷ್ಟಿದೆ ನೋಡು ಎಂದುಕೊಂಡೆ.

ಗಾಡಿ ಚೆನ್ನಾಗಿ ಹೋಯಿತು, ಅದನ್ನು ಒಪ್ಪಿಕೊಳ್ಳಬೇಕು. ಎಲ್ಲೂ ಕುಲುಕಲಿಲ್ಲ. ಹತ್ತಿ ಹೊಲಗಳ ನಡುವೆ ಸದ್ದಿಲ್ಲದೆ ಸರಿಯುತ್ತಿದ್ದರೆ ಇವರ ಮುಖದಲ್ಲಿ, ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು, ಬಹಳ ದಿನದ ಮೇಲೆ ಒಂದು ಸಮಾಧಾನ. ಎಡಗಾಲನ್ನು ಮಡಚಿ ಸೀಟಿನ ಕಡೆ ಎಳೆದುಕೊಂಡು ಕುಳಿತಿದ್ದರು, ಮನೆಯ ಜಗಲಿಯ ಮೇಲೆ ಕೂತವರ ಹಾಗೆ. "ಏನ ಆರಾಮ ಐತಿ ನೋಡ. ಬರೇ ಒಂದ ಕಾಲಿನ ಕೆಲಸ" ಎಂದರು. ಆ ಹುಡುಗಿಗೆ ಖುಷಿಯಾಯಿತು, ನನಗೆ ಇನ್ನಷ್ಟು ಉರಿಯಿತು. ಲಿಫ್ಟಿನ ಮಾತು ಎಲ್ಲಿ ಹೋಯಿತು ಎಂದು ಕೇಳಬೇಕೆನಿಸಿತು. ಹೊರಗಿನವರ ಮುಂದೆ ಗಂಡನ ಮರ್ಯಾದೆ ಕಳೆಯುವುದು ಬೇಡವೆಂದು ನುಂಗಿಕೊಂಡೆ.

ಕಿತ್ತೂರಿನಲ್ಲಿ ಮೈದುನ ಅಂಗಡಿ ಬಿಟ್ಟು ಹೊರಗೆ ಓಡಿ ಬಂದ. ಗಾಡಿಯನ್ನು ನೋಡಲಿಲ್ಲ, ಅಣ್ಣ ಇಳಿಯುವುದನ್ನು ನೋಡಿದ. ಇಳಿಯುವಾಗ ಅವರ ರಟ್ಟೆ ಹಿಡಿದುಕೊಂಡ. ನಾನು ಇನ್ನು ತಡೆಯಲಾರದೆ ನೇರವಾಗಿ ಕೇಳಿಯೇಬಿಟ್ಟೆ.

"ಗಾಡಿ ನಿಂಗ ಬೇಕಾಗಿತ್ತಂದ್ರ ಬಾಯಿಬಿಟ್ಟ ಹೇಳಬೇಕಾಗಿತ್ತು. ಅಣ್ಣನ ಕಡಿಂದ ಯಾಕ ನಾಟಕ ಆಡಸ್ತಿ?"

ಮೈದುನ ಕಣ್ಣು ಕಣ್ಣು ಬಿಟ್ಟ. "ನಂಗ್ಯಾಕ ಗಾಡಿ ವೈನಿ? ನನ್ನ ಸ್ಕೂಟರೇ ನನ್ನ ಮಾತ ಕೇಳಂಗಿಲ್ಲ."

"ಮತ್ತ ಗೇರಿಲ್ಲದ್ದ ತಗೋ ಅಂತ ಇವರಿಗೆ ಯಾರ ಹೇಳಿದ್ದು?"

"ನಾನೇ ಹೇಳೀನಿ. ಅಣ್ಣನ ಕಾಲಿಗೆ..."

"ಚಾ ಹೇಳೋ ಮೊದಲ" ಎಂದರು ನಮ್ಮ ಮನೆಯವರು ನಡುವೆ ಬಾಯಿ ಹಾಕಿ. "ಸಕ್ರಿ ಇಲ್ಲದ್ದು ಒಂದು." ಸಕ್ಕರೆ ಕಾಯಿಲೆ ಅವರಿಗೆ ಬಂದು ಬಹಳ ವರ್ಷಗಳಾಗಿದ್ದವು. ಗುಳಿಗೆ ತಪ್ಪಿಸುತ್ತಿರಲಿಲ್ಲ, ಚಹಾದಲ್ಲಿ ಸಕ್ಕರೆ ಬಿಟ್ಟಿದ್ದರು, ನಾವಿಬ್ಬರೂ ಅದನ್ನು ಮನೆಯ ಹಳೆಯ ನೆಂಟನಂತೆ ಮರೆತು ಬದುಕುತ್ತಿದ್ದೆವು. ಮೈದುನ ಅಣ್ಣನ ಮುಖ ಒಮ್ಮೆ, ನನ್ನ ಮುಖ ಒಮ್ಮೆ ನೋಡಿ ಚಹಾ ಹೇಳಲು ಹೋದ.

ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನದು ಒಂದೇ ಯೋಚನೆ. ಕಾಲಿಗೆ ಏನು? ನೋವಿದ್ದರೆ ನೋವು ಎನ್ನಬಹುದಿತ್ತು. ಮಂಡಿನೋವು ಯಾರಿಗಿಲ್ಲ, ನನಗೇ ಇದೆ. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ? ಇಬ್ಬರೂ ಸೇರಿ ನನ್ನನ್ನು ಮಳ್ಳಿ ಮಾಡುತ್ತಿದ್ದಾರೆ, ಇದರ ಹಿಂದೆ ಇನ್ನೇನೋ ಇದೆ ಎಂದೇ ಅನಿಸಿತು. ಮನೆ ಮುಂದೆ ಇಳಿಸಿ ಹುಡುಗಿ, ಈ ಗಾಡಿಗೆ ಬಹಳ ಮಂದಿ ಕಾಯುತ್ತಿದ್ದಾರೆ, ಸಂಜೆಯೊಳಗೆ ಫೋನು ಮಾಡಿ ಹೇಳಿದರೆ ನಿಮ್ಮ ಹೆಸರು ಹಾಕಿಸುತ್ತೇನೆ ಎಂದು ಹೇಳಿ ಹೋದಳು. ಅವಸರ ಮಾಡಿಸುವವರ ಮೇಲೂ ನನಗೆ ನಂಬಿಕೆಯಿಲ್ಲ, ಆದರೆ ಆಗ ನನ್ನ ಸಂಶಯವೆಲ್ಲ ಮನೆಯೊಳಗೇ ಇತ್ತು.

ಊಟವಾಯಿತು. ನಾನು ಮಷೀನಿನ ಮುಂದೆ ಕುಳಿತೆ. ಅವರು ಪಕ್ಕದ ಹೊರಸಿನ ಮೇಲೆ ಅಡ್ಡಾಗಿ, ಕಾಲು ನನ್ನ ಕಡೆ ಚಾಚಿ, ಆ ಗಾಡಿಯ ಗುಣಗಾನ ಶುರು ಮಾಡಿದರು. ಸಾಂಬ್ರಾಕ್ಕೆ ಹೋಗಿ ಬಂದರೆ ಪೆಟ್ರೋಲು ಎಷ್ಟು ಉಳಿಯುತ್ತದೆ, ಹಿಂದೆ ಕೂತವರಿಗೆ ಎಷ್ಟು ಜಾಗ, ಗಾಜಿನ ಮೇಲೆ ಏನು ಬರೆಸಬೇಕು. ನಾನು ಹೂಂ ಎನ್ನದೆ ಹೊಲಿಯುತ್ತಿದ್ದೆ. ಕಿಟಕಿಯ ಬಿಸಿಲು ಅವರ ಎಡಗಾಲಿನ ಮೇಲೆ ಬಿದ್ದಿತ್ತು. ಅಂಗಾಲಿನಲ್ಲಿ ಏನೋ ಮಿನುಗಿತು. ಸಾಸಿವೆಯಷ್ಟು ದೊಡ್ಡದು. ಯಾವುದೋ ಜಂಪರಿನಿಂದ ಉದುರಿದ ಹೊಳೆಯುವ ಟಿಕಲಿ ಅಂಟಿಕೊಂಡಿದೆ ಎಂದು ತಿಳಿದು ಉಗುರಿನಿಂದ ಕೀಳಲು ಹೋದೆ.

ಅದು ಟಿಕಲಿಯಾಗಿರಲಿಲ್ಲ. ಗುಂಡುಸೂಜಿಯ ತಲೆ. ಹಿಡಿದು ಎಳೆದೆ, ಪೂರ್ತಿ ಸೂಜಿ ಹೊರಗೆ ಬಂತು, ಅದರ ಹಿಂದೆ ಒಂದು ಹನಿ ರಕ್ತ. ಅವರು ಮಾತು ನಿಲ್ಲಿಸಲಿಲ್ಲ. ಕಾಲು ಹಿಂದಕ್ಕೆ ಎಳೆದುಕೊಳ್ಳಲೂ ಇಲ್ಲ. ಗಾಡಿಗೆ ಬಿಳಿ ಬಣ್ಣವೇ ಒಳ್ಳೆಯದು, ಧೂಳು ಕಾಣುವುದಿಲ್ಲ ಎನ್ನುತ್ತಿದ್ದರು.

ಹೊಲಿಗೆಯವರ ಮನೆಯ ನೆಲದಲ್ಲಿ ಸೂಜಿ ಬೀಳದ ದಿನವಿಲ್ಲ. ಮೊದಲೆಲ್ಲ ಸಣ್ಣ ಸೂಜಿ ತಾಗಿದರೂ ಅವರು ಮನೆಯನ್ನೇ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದರು. ನಿನ್ನ ಸೂಜಿಯಿಂದ ನನ್ನ ಪ್ರಾಣ ಹೋಗುತ್ತದೆ ಎಂದು ಬೈದು, ನನ್ನ ಕೈಯಲ್ಲಿ ಪಡಸಾಲೆ ಪೂರ್ತಿ ಗುಡಿಸಿಸುತ್ತಿದ್ದರು. ಆ ಬೈಗಳು ಯಾವಾಗ ನಿಂತವು? ನೆನಪು ಮಾಡಿಕೊಂಡೆ, ಹೋದ ವರ್ಷದಿಂದ ಒಂದೂ ಇಲ್ಲ. ವಯಸ್ಸಾಗಿ ಮೆತ್ತಗಾಗಿದ್ದಾರೆ ಎಂದು ನಾನು ಒಳಗೇ ಹಿಗ್ಗಿದ್ದೆ. ಗಾಡಿಯ ಮಾತು ಬಂದ ಮೇಲಂತೂ ನನ್ನನ್ನು ಪುಸಲಾಯಿಸುತ್ತಿದ್ದಾರೆ ಎಂದೂ ಅಂದುಕೊಂಡಿದ್ದೆ. ಬೆರಳ ತುದಿಯಲ್ಲಿ ಸೂಜಿ ಎತ್ತಿ ಅವರ ಕಣ್ಣ ಮುಂದೆ ಹಿಡಿದೆ.

"ಇದ ಎಲ್ಲಿತ್ತು ಗೊತ್ತೇನ್ರಿ?"

ಅವರು ಸೂಜಿ ನೋಡಿದರು, ಕಾಲು ನೋಡಿದರು.

"ಮುಂಜಾನೆ ಯಾವಾಗರೆ ತುಳಿದಿರಬೇಕು" ಎಂದರು ಕೊನೆಗೆ.

"ಮುಂಜಾನಿಂದ ಕಾಲಾಗಿಟ್ಕೊಂಡ ಕಿತ್ತೂರಿಗೆ ಹೋಗಿ ಬಂದ್ರಿ. ಗೊತ್ತೇ ಆಗಲಿಲ್ಲ?"

"ಇಲ್ಲ."

ಎದ್ದು ಕುಳಿತು, ಕಾಲನ್ನು ಕೈಯಿಂದ ಎತ್ತಿ, ತನ್ನದಲ್ಲದ್ದನ್ನು ಎತ್ತಿಡುವ ಹಾಗೆ, ಇನ್ನೊಂದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ತಾವಾಗಿಯೇ ಹೇಳಿದರು. ಹೋದ ವರ್ಷ ಶುರುವಾಯಿತಂತೆ. "ಹತ್ತಿ ಮ್ಯಾಲ ಕಾಲ ಇಟ್ಟಂಗ ಆಗತೈತಿ. ನೆಲ ಎಲ್ಲೈತಿ ತಿಳಿಯಂಗಿಲ್ಲ. ಕ್ಲಚ್ಚಿನ ಮ್ಯಾಲ ಕಾಲ ಐತೋ ಇಲ್ಲೋ ಕಣ್ಣಿಲೆ ನೋಡೇ ತಿಳೀಬೇಕು." ಮೈದುನ ಕಿತ್ತೂರಿನಲ್ಲಿ ಡಾಕ್ಟರಿಗೆ ತೋರಿಸಿದ್ದನಂತೆ. ಸಕ್ಕರೆ ಕಾಯಿಲೆ ಕಾಲಿನ ನರಕ್ಕೆ ಇಳಿದಿದೆ ಎಂದರಂತೆ. ನನಗೆ ಹೇಳಬೇಡವೆಂದು ತಮ್ಮನಿಂದ ಆಣೆ ಮಾಡಿಸಿಕೊಂಡಿದ್ದರಂತೆ.

ನನಗೆ ಸಿಟ್ಟು ಬಂತೋ ಅಳು ಬಂತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು. "ಒಂದ ವರ್ಷ ಮಂದೀನ್ನ ಕೂಡಿಸ್ಕೊಂಡ ಹಂಗೇ ಓಡಿಸೀರಿ? ಸವದತ್ತಿ ಗುಡ್ಡದ ಘಾಟಿನಾಗ? ಹೆಣ್ಣು, ಮಕ್ಕಳು ಕೂತ ಗಾಡಿ?"

"ಸಾವಕಾಶ ಓಡಿಸೀನಿ."

"ಮಾಲಕರಿಗೆ ಹೇಳಬೇಕಿತ್ತಲ್ಲ."

"ಹೇಳಿದ ದಿನಾನೇ ಕೀಲಿ ಇಸ್ಕೊಂತಿದ್ರು" ಎಂದರು. ಸುಮ್ಮನೆ, ಹವಾಮಾನದ ಮಾತು ಹೇಳುವ ಹಾಗೆ ಹೇಳಿದರು. "ಕೀಲಿ ಕೊಟ್ಟ ಮ್ಯಾಲ ನಾ ಏನ ಮಾಡಲಿ? ಮುಂಜಾನೆ ಎದ್ದ ಎಲ್ಲಿ ಹೋಗಲಿ?"

ಅವರು ನನ್ನ ಹತ್ತಿರ ಸರಿದು ಕುಳಿತು, ಹುಡುಗರಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ ಹೇಳತೊಡಗಿದರು. "ಅದಕ್ಕ ಈ ಗಾಡಿ. ಇದರಾಗ ಕ್ಲಚ್ ಇಲ್ಲ. ಎಡಗಾಲಿಗೆ ಕೆಲಸಾನೇ ಇಲ್ಲ. ಬ್ರೇಕು, ಆಕ್ಸಿಲರೇಟರು ಎರಡೂ ಬಲಗಾಲಿಂದು. ಬಲಗಾಲ ನಂದ ಕಬ್ಬಿಣ ಐತಿ. ಇವತ್ತ ನೀನೇ ನೋಡಿದಿ, ಎಲ್ಲೆರೆ ಕುಲುಕಿತೇನು?"

ಕುಲುಕಿರಲಿಲ್ಲ. ನಾನೇ ಸಾಕ್ಷಿ. ತಮ್ಮನಿಗಾಗಿಯೂ ಅಲ್ಲ, ಯಾರ ಮಾತಿಗೆ ಮರುಳಾಗಿಯೂ ಅಲ್ಲ. ಒಂದು ಕಾಲು ಕೈಕೊಟ್ಟರೆ ಇನ್ನೊಂದು ಕಾಲಿನಿಂದ ಬದುಕಬಹುದಾದ ಗಾಡಿಯನ್ನು ಈ ಮನುಷ್ಯ ಒಬ್ಬರೇ ಕೂತು ಹುಡುಕಿದ್ದಾರೆ. ಆ ಬಾಣದ ಚಿತ್ರ, ಬ್ರೇಕಿನಿಂದ ಹುಟ್ಟುವ ಕರೆಂಟು ಎಲ್ಲದರ ಮೇಲೂ ನನಗೆ ಒಮ್ಮೆಲೇ ಪ್ರೀತಿ ಬಂತು. ಅವರ ಅಂಗಾಲಿಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿದೆ. ನಾಳೆಯೇ ಬೆಳಗಾವಿಯ ದೊಡ್ಡ ಡಾಕ್ಟರಿಗೆ ತೋರಿಸಬೇಕು ಎಂದು ಮಾತು ತೆಗೆದುಕೊಂಡೆ. ಹೂಂ ಎಂದರು. ಇನ್ನೇನು ಬಿಸಿಲು ಇಳಿಯುತ್ತಿತ್ತು. ಧಾರವಾಡದ ಹುಡುಗಿಗೆ ಫೋನು ಮಾಡಿ ನಮ್ಮ ಹೆಸರು ಹಾಕು ಎಂದು ಹೇಳಲು ಫೋನು ಕೈಗೆತ್ತಿಕೊಂಡೆ.

ಎತ್ತಿಕೊಂಡವಳು ಹಾಗೇ ಕುಳಿತೆ. ಈ ಹಾಳು ಮನಸ್ಸು ನನ್ನದು, ಮುಂಬದಿ ಎಷ್ಟು ಚೆನ್ನಾಗಿದ್ದರೂ ಹಿಂಬದಿ ತಿರುವದೆ ಬಿಡುವುದಿಲ್ಲ. ಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಇವರ ಮುಖದಲ್ಲಿ ಎಷ್ಟು ದಿನದ ಮೇಲೆ ಕಂಡ ಬೆಳಕು ಅದು. ಆದರೆ ಬ್ರೇಕು ಬಲಗಾಲಿನ ಕೆಳಗಿರುತ್ತದೆ.

"ಆ ಬಲಗಾಲ ಇತ್ತಾಗ ಕೊಡ್ರಿ" ಎಂದೆ. "ಕಣ್ಣ ಮುಚ್ರಿ. ನಾ ಯಾವ ಬೆರಳ ಹಿಡೀತೀನಿ ಅಂತ ನೋಡದ ಹೇಳಬೇಕು."

ಅವರು ಜೋರಾಗಿ ನಕ್ಕರು. "ನಿನ್ನ ಸಂಶಯಕ್ಕ ಮದ್ದಿಲ್ಲ ನೋಡ" ಎಂದು ಬಲಗಾಲನ್ನು ನನ್ನ ಮಡಿಲಲ್ಲಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾನು ಹೆಬ್ಬೆರಳು ಹಿಡಿದೆ. ಮೊದಲು ಮೆಲ್ಲಗೆ, ಆಮೇಲೆ ಒತ್ತಿ, ಆಮೇಲೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಹಿಸುಕಿದೆ. ಉಗುರಿನ ಸುತ್ತ ಬೆಳ್ಳಗಾಯಿತು. ಅವರ ತುಟಿಯ ಮೇಲಿನ ನಗು ಹಾಗೇ ಇತ್ತು, ಕಣ್ಣು ಮುಚ್ಚಿಯೇ ಇತ್ತು.

"ಹೂಂ, ಹಿಡಿ ಮತ್ತ" ಎಂದರು. "ಎಷ್ಟೊತ್ತ ಕಾಯಸ್ತಿ?"